ಗಿಲ್ಡ್ ವಾರ್ಸ್ 2 ರಿವ್ಯೂ: ಏಳು ತಿಂಗಳು ಬಿಟ್ಟು ಬಂದ್ರೂ ನನ್ ಗೇರ್ ಹಾಗೇ ಇತ್ತು

ಮಗು ಹುಟ್ಟಿದ್ಮೇಲೆ ಏಳು ತಿಂಗಳು ಗಿಲ್ಡ್ ವಾರ್ಸ್ 2 ಅನ್ನೋ ಆನ್‌ಲೈನ್ ಗೇಮ್ ಕಡೆ ತಲೆ ಹಾಕಿರ್ಲಿಲ್ಲ, ಮೊನ್ನೆ ರಾತ್ರಿ ಅವಳು ಮಲಗಿದ್ಮೇಲೆ ಓಪನ್ ಮಾಡ್ದೆ. ಅಪ್‌ಡೇಟ್ ಇಳಿಯೋವರ್ಗೂ ಕಾದೆ, ಲಾಗಿನ್ ಆದೆ, ನನ್ ಕ್ಯಾರೆಕ್ಟರ್ ಬಿಟ್ಟ ಜಾಗದಲ್ಲೇ ನಿಂತಿದ್ಲು, ಮೈಮೇಲಿದ್ದ ಆರ್ಮರ್ ಇವತ್ತಿಗೂ ಗೇಮಲ್ಲಿ ಅತಿ ಹೆಚ್ಚು ಸ್ಟ್ಯಾಟ್ಸ್ (ಬಲದ ನಂಬರ್) ಇರೋ ಆರ್ಮರೇ. ಹತ್ತು ನಿಮಿಷದೊಳಗೆ ಒಂದು ವರ್ಲ್ಡ್ ಬಾಸ್ ಮುಂದೆ ದೊಡ್ಡ ಗುಂಪಿನ ಮಧ್ಯೆ ನಿಂತು ಹೊಡೀತಿದ್ದೆ. ಬೇರೆ ಎಮ್‌ಎಮ್‌ಓ (ಸಾವಿರಾರು ಜನ ಒಟ್ಟಿಗೆ ಆಡೋ ಆನ್‌ಲೈನ್ ಗೇಮ್) ಸೀರಿಯಸ್ಸಾಗಿ ಆಡಿದವ್ರಿಗೆ ಇದು ಎಷ್ಟು ದೊಡ್ಡ ವಿಷ್ಯ ಅಂತ ತಕ್ಷಣ ಗೊತ್ತಾಗತ್ತೆ. ಆಡದವ್ರಿಗೆ ಅರ್ಥ ಆಗ್ಬೇಕು ಅಂದ್ರೆ ಸ್ವಲ್ಪ ಹಿಂದಿನ ಕಥೆ ಹೇಳ್ಬೇಕು.

ಇದಕ್ಕೂ ಮುಂಚೆ ನಾನು ಇನ್ನೊಂದು ಗೇಮಲ್ಲಿ ಹೀಲರ್ (ಗುಂಪಿನವ್ರ ಜೀವ ಉಳಿಸೋ ಪಾತ್ರ) ಆಗಿದ್ದೆ, ಅದ್ರ ಹೆಸರು ಇಲ್ಲಿ ಬೇಡ. ಹೆಚ್ಚುಕಮ್ಮಿ ಎರಡು ವರ್ಷ, ವಾರಕ್ಕೆ ಮೂರು ರಾತ್ರಿ, ಎಂಟರಿಂದ ಹನ್ನೊಂದೂವರೆ ತನಕ ರೈಡ್ (ದೊಡ್ಡ ಗುಂಪು ಸೇರಿ ಕಷ್ಟದ ಬಾಸ್ ಹೊಡೆಯೋದು), ರೈಡ್ ಇಲ್ದಿರೋ ದಿನ ಪೋಷನ್‌ಗೆ ಬೇಕಾದ ಗಿಡ ಕಿತ್ಕೊಂಡು ಬರೋದು, ಬಾಸ್ ವೀಡಿಯೋ ನೋಡೋದು, ಹಿಂದಿನ ರಾತ್ರಿ ಲಾಗ್ (ಫೈಟಿನ ದಾಖಲೆ) ತೆಗೆದು ಟ್ಯಾಂಕ್, ಅಂದ್ರೆ ಬಾಸ್ ಏಟು ತಡ್ಕೊಳೋನು, ಯಾಕೆ ಸತ್ತ ಅಂತ ಹುಡುಕೋದು. ನಂಗೆ ಅದೆಲ್ಲ ತುಂಬಾ ಇಷ್ಟ ಇತ್ತು. ಇಪ್ಪತ್ತು ಜನ ಮೈಕಲ್ಲಿ ಒಂದು ಮಾತಾಡ್ದೆ ಬಾಸ್‌ನ ಕೊನೇ ಎರಡು ಪರ್ಸೆಂಟ್ ನೋಡ್ತಾ ಇರ್ತಾರಲ್ಲ, ಆ ಕ್ಷಣ ಬೇರೆ ಯಾವ ಆಟದಲ್ಲೂ ನಂಗೆ ಸಿಕ್ಕಿಲ್ಲ. ಆಮೇಲೆ ಅಪ್ಪಂಗೆ ಹುಷಾರು ತಪ್ತು, ಆಸ್ಪತ್ರೆ ಓಡಾಟ, ಐದು ವಾರ ಕಂಪ್ಯೂಟರ್ ಮುಂದೆ ಕೂರೋಕೆ ಆಗ್ಲಿಲ್ಲ. ವಾಪಸ್ ಬಂದಾಗ ನನ್ ಜಾಗದಲ್ಲಿ ಬೇರೆ ಹೀಲರ್ ಇದ್ರು, ಮಧ್ಯದಲ್ಲಿ ಹೊಸ ಪ್ಯಾಚ್ ಬಂದಿತ್ತು, ನನ್ ಗೇರ್, ಅಂದ್ರೆ ಆಯುಧ ಆರ್ಮರ್ ಎಲ್ಲಾ, ಒಂದು ಟಿಯರ್ (ಮೆಟ್ಟಿಲು) ಹಿಂದೆ ಬಿದ್ದಿತ್ತು. ನಮ್ಮ ತಂಡದ, ಅಂದ್ರೆ ಗಿಲ್ಡ್‌ನ ಲೀಡರ್ ಒಳ್ಳೇ ಮಾತಲ್ಲೇ ಹೇಳಿದ್ರು, ಈಗ ಜಾಗ ಇಲ್ಲ ಅಂತ. ಅವ್ರದ್ದು ತಪ್ಪು ಅಂತ ನಾನು ಇವತ್ತಿಗೂ ಅನ್ನಲ್ಲ, ಉಳಿದ ಹತ್ತೊಂಬತ್ತು ಜನರ ರಾತ್ರಿನ ನನಗೋಸ್ಕರ ಹಾಳು ಮಾಡೋಕಾಗಲ್ಲ. ಆದ್ರೆ ಆ ರಾತ್ರಿ ಅತ್ತಿದ್ದು ನಿಜ. ಯಾರಿಗೆ ಯಾವಾಗ ಹೀಲ್ ಹಾಕ್ಬೇಕು ಅನ್ನೋದು ನನ್ ಕೈಗೆ ಇನ್ನೂ ನೆನಪಿತ್ತು, ಆ ಐದು ವಾರದ ಟೈಮ್ ಒಂದು ನನ್ ಹತ್ರ ಇರ್ಲಿಲ್ಲ.

ಕ್ಯಾಶುವಲ್ (ಬಿಡುವಿದ್ದಾಗ ಆಡೋರು), ಹಾರ್ಡ್‌ಕೋರ್ (ಪೂರ್ತಿ ಟೈಮ್ ಕೊಟ್ಟು ಆಡೋರು) ಅಂತ ನಾವು ಜಗಳ ಆಡ್ತೀವಲ್ಲ, ಅದ್ರ ಬುಡದಲ್ಲಿ ಇರೋದು ಈ ಟೈಮೇ ಅಂತ ನಂಗೆ ಅವತ್ತು ಅನ್ನಿಸ್ತು. 1999ರಲ್ಲಿ ಎವರ್‌ಕ್ವೆಸ್ಟ್ ಬಂದಾಗ ಒಂದು ಅಪರೂಪದ ಮಾನ್‌ಸ್ಟರ್ ಹುಟ್ಟೋಕೆ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಕಾಯ್ತಾ ಕೂರ್ತಿದ್ರು. 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದಾಗ ಒಬ್ರೇ ಆಡ್ಕೊಂಡು ಲೆವೆಲ್ ಏರೋದು ಸುಲಭ ಆಯ್ತು, ಆದ್ರೆ ಮೋಲ್ಟನ್ ಕೋರ್ ಅನ್ನೋ ರೈಡ್ ನೋಡ್ಬೇಕು ಅಂದ್ರೆ ನಲವತ್ತು ಜನ ಬೇಕು, ನಲವತ್ತು ಜನರನ್ನ ಒಂದೇ ಟೈಮಿಗೆ ಕೂರ್ಸೋದು ಬಾಸ್ ಹೊಡೆಯೋದಕ್ಕಿಂತ ಕಷ್ಟ. ಬಹಳಷ್ಟು ಜನಕ್ಕೆ ರೈಡ್ ಒಳಗೆ ಏನಿದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. 2011ರಲ್ಲಿ ಅದೇ ಗೇಮಿಗೆ ರೈಡ್ ಫೈಂಡರ್ ಬಂತು, ಬಟನ್ ಒತ್ತಿದ್ರೆ ಗುರುತಿಲ್ಲದ ಜನರ ಜೊತೆ ಸುಲಭದ ರೈಡ್, ಆಗ ಹಾರ್ಡ್‌ಕೋರ್ ಮಂದಿಗೆ ಬೇಜಾರಾಯ್ತು, ನಾವು ತಿಂಗಳುಗಟ್ಟಲೆ ಬೆವರು ಸುರಿಸಿ ನೋಡಿದ್ದನ್ನ ಇವ್ರು ಒಂದು ಸಂಜೇಲಿ ನೋಡ್ತಾರೆ ಅಂತ. ಇಬ್ರ ನೋವೂ ನಂಗೆ ಅರ್ಥ ಆಗತ್ತೆ, ಎರಡೂ ಕಡೆ ನಿಂತು ನೋಡಿದೀನಿ.

ಈಗ ಗಿಲ್ಡ್ ವಾರ್ಸ್ 2. ಅರೀನಾನೆಟ್ ಮಾಡಿರೋದು, 2012ರ ಆಗಸ್ಟಲ್ಲಿ ಬಂತು. ಆವತ್ತು ಮ್ಯಾಕ್ಸ್ ಲೆವೆಲ್ 80, ಇವತ್ತೂ 80. ಇಷ್ಟೊಂದು ಎಕ್ಸ್‌ಪ್ಯಾನ್ಷನ್ (ದುಡ್ಡು ಕೊಟ್ಟು ತಗೊಳೋ ಹೊಸ ಭಾಗ) ಬಂದ್ರೂ ಆ ನಂಬರ್ ಮುಟ್ಟಿಲ್ಲ. ಗೇರ್ ಕಥೆನೂ ಹಾಗೇ, ಬಂದ ಮೂರೇ ತಿಂಗಳಿಗೆ ಅಸೆಂಡೆಡ್ ಅಂತ ಒಂದು ಟಿಯರ್ ಮೇಲೆ ಸೇರ್ಸಿದ್ರು, ಆಗ ದೊಡ್ಡ ಗಲಾಟೆನೇ ಆಯ್ತು, ಅದಾದ್ಮೇಲೆ ಅದಕ್ಕಿಂತ ಮೇಲಿನ ಸ್ಟ್ಯಾಟ್ಸ್ ಬಂದೇ ಇಲ್ಲ. ಲೆಜೆಂಡರಿ ಅಂತ ಇರೋದಕ್ಕೂ ಅಸೆಂಡೆಡ್‌ದೇ ನಂಬರ್ಸ್, ಬೇಕಾದಾಗ ಸ್ಟ್ಯಾಟ್ಸ್ ಬದಲಾಯಿಸ್ಕೋಬಹುದು ಅನ್ನೋದು ಅದ್ರ ಲಾಭ. ಕೆಳಗಿನ ಎಗ್ಸಾಟಿಕ್ ಗೇರ್‌ನ ಟ್ರೇಡಿಂಗ್ ಪೋಸ್ಟಲ್ಲಿ ಗೇಮ್ ಗೋಲ್ಡ್ ಕೊಟ್ಟೇ ತಗೋಬಹುದು, ಮೇಲಿಂದಕ್ಕೂ ಅದಕ್ಕೂ ಇರೋ ವ್ಯತ್ಯಾಸ ಚಿಕ್ಕದು, ಗೇಮಿನ ಬಹುಪಾಲು ಜಾಗಕ್ಕೆ ಅದೇ ಸಾಕು. ಮಾಸಿಕ ಚಂದಾನೂ ಇಲ್ಲ. ಹಾಗಾಗಿ ಈ ತಿಂಗಳು ಆಡ್ಲಿಲ್ವಲ್ಲ, ದುಡ್ಡು ಸುಮ್ನೆ ಹೋಯ್ತಲ್ಲ ಅನ್ನೋ ಸಂಕಟಾನೂ ಇಲ್ಲ.

ಹಾಗಾದ್ರೆ ಮುಂದೆ ಹೋಗೋಕೆ ಏನಿದೆ ಅಂತ ನನ್ ಚಿಕ್ಕಪ್ಪನ ಮಗ ಕೇಳಿದ್ದ. ಅವನು ಕಾಲೇಜ್ ಹುಡುಗ, ಪಕ್ಕಾ ಹಾರ್ಡ್‌ಕೋರ್, ದಿನಕ್ಕೆ ಐದಾರು ಗಂಟೆ ಆಡ್ತಾನೆ. "ಅಕ್ಕಾ, ಗೇರ್ ಮುಗೀತು ಅಂದ್ರೆ ಗೇಮ್ ಮುಗೀತಲ್ವಾ" ಅಂದ. ಮುಗಿಯಲ್ಲ ಕಣೋ, ಬೇರೆ ದಿಕ್ಕಿಗೆ ಹೋಗತ್ತೆ ಅಂದಿದ್ದೆ. 2017ರ ಪಾತ್ ಆಫ್ ಫೈರ್ ಎಕ್ಸ್‌ಪ್ಯಾನ್ಷನ್‌ನಲ್ಲಿ ಬಂದ ಮೌಂಟ್‌ಗಳನ್ನೇ (ಸವಾರಿ ಪ್ರಾಣಿಗಳು) ತಗೊಳ್ಳಿ, ಮೊಲದ ಥರ ಇರೋದು ಎತ್ತರಕ್ಕೆ ಹಾರತ್ತೆ, ರೆಕ್ಕೆ ಇರೋ ಮೀನಿನ ಥರ ಇರೋದು ನೀರ ಮೇಲೆ ಜಾರತ್ತೆ, ಒಂದೊಂದು ಸಿಕ್ಕಾಗ್ಲೂ ಹಳೇ ಮ್ಯಾಪೇ ಹೊಸದಾಗಿ ಕಾಣತ್ತೆ. ಇವು ಯಾವ್ದೂ ಹಳೇದಾಗಲ್ಲ, ಒಂದ್ಸಲ ಸಂಪಾದಿಸಿದ್ರೆ ಅಕೌಂಟಿಗೇ ಸೇರ್ತು. ಅವನಿಗೆ ಅದಕ್ಕಿಂತ ಹಿಡಿಸಿದ್ದು ಫ್ರಾಕ್ಟಲ್ಸ್. ಐದು ಜನರ ಚಿಕ್ಕ ಡಂಜನ್, ಕಷ್ಟದ ಮೆಟ್ಟಿಲು ಒಂದರಿಂದ ನೂರರವರೆಗೆ, ಮೇಲೆ ಹೋದಂಗೆ ಆ್ಯಗನಿ ಅಂತ ಒಂದು ಡ್ಯಾಮೇಜ್ ಶುರುವಾಗತ್ತೆ, ಅದನ್ನ ತಡ್ಕೊಳೋಕೆ ಗೇರಲ್ಲಿ ಬೇರೇನೇ ತಯಾರಿ ಬೇಕು. ನೂರರ ಹತ್ರ ಹೋಗಿ ನೋಡಿ, ಕ್ಯಾಶುವಲ್ ಗೇಮ್ ಅಂತ ಹೇಳೋ ಬಾಯಿ ಮುಚ್ಚತ್ತೆ.

ನಂಗೆ ಈ ಗೇಮಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು ನಾನು, ಚಿಕ್ಕಪ್ಪನ ಮಗ ಇಬ್ರೂ ಒಂದೇ ಜಾಗದಲ್ಲಿ ಆಡ್ಬಹುದು ಅನ್ನೋದು. ಟೆಕ್ವಾಟಲ್ ಅಂತ ಒಂದು ಡ್ರ್ಯಾಗನ್ ಇದೆ, ಸ್ಪಾರ್ಕ್‌ಫ್ಲೈ ಫೆನ್ ಮ್ಯಾಪಲ್ಲಿ, ಹದಿನೈದು ನಿಮಿಷದೊಳಗೆ ಕೊಲ್ಲಬೇಕು. 2013ರಲ್ಲಿ ಇದನ್ನ ಕಷ್ಟ ಮಾಡಿ ಮತ್ತೆ ಬಿಟ್ಟಾಗ ಸರ್ವರಿಗೆ ಸರ್ವರೇ ಸೋತು ಕೂತಿತ್ತು, ಈಗ ದಿನಾ ಜನ ಸೇರಿ ಹೊಡೀತಾರೆ. ನನ್ ಆ ತಮ್ಮ, ತಲೆ ಮೇಲೆ ಕಮಾಂಡರ್ ಟ್ಯಾಗ್ (ಗುಂಪಿನ ನಾಯಕನ ಗುರುತು) ಹಾಕ್ಕೊಂಡು ಯಾರು ಫಿರಂಗಿ ಹತ್ತಬೇಕು, ಯಾರು ಬ್ಯಾಟರಿ ಕಾಯ್ಬೇಕು ಅಂತ ಹೇಳ್ತಿದ್ದ, ನಾನು ಒಂದು ಫಿರಂಗಿ ಹತ್ತಿ ಡ್ರ್ಯಾಗನ್ ಮೈಮೇಲೆ ಗಟ್ಟಿಯಾಗ್ತಿದ್ದ ಪೊರೆನ ಉದುರಿಸ್ತಾ ಕೂತಿದ್ದೆ. ಆ ಫಿರಂಗಿ ಕೆಲಸಕ್ಕೆ ಬೆರಳಿನ ವೇಗ ಬೇಕಾಗಿಲ್ಲ, ಕಣ್ಣಿಟ್ಟು ನೋಡ್ಬೇಕು ಅಷ್ಟೇ, ಆದ್ರೆ ಅದನ್ನ ಯಾರೂ ಮಾಡ್ದಿದ್ರೆ ಕೆಳಗಿರೋ ದೊಡ್ಡ ಡಿಪಿಎಸ್ (ಜೋರಾಗಿ ಏಟು ಕೊಡೋ) ಮಂದಿ ಹೊಡೆದಿದ್ದೆಲ್ಲ ವೇಸ್ಟ್. ಬಾಸ್ ಸತ್ತಾಗ ಪ್ರತಿಯೊಬ್ರಿಗೂ ಅವರವರ ಪೆಟ್ಟಿಗೆ ಬೇರೆ ಸಿಗತ್ತೆ, ಕಿತ್ಕೊಳೋಕೆ ಏನಿಲ್ಲ. ಅದಿರಿನ ಬಂಡೆನೂ ಅಷ್ಟೇ, ನಾನು ಒಡೆದಿದ್ದು ನಂಗೆ, ನೀವು ಒಡೆದಿದ್ದು ನಿಮಗೆ. ಸತ್ತು ಬಿದ್ದವ್ರನ್ನ ಯಾವ ಕ್ಲಾಸಿನವ್ರಾದ್ರೂ ಎಬ್ಬಿಸ್ಬಹುದು. ದೂರದಿಂದ ಇನ್ನೊಬ್ರು ಓಡಿ ಬರೋದು ಕಂಡ್ರೆ ಬೇರೆ ಗೇಮಲ್ಲಿ ನನ್ ಮಾನ್‌ಸ್ಟರ್ ಕದೀತಾರೇನೋ ಅಂತ ಭಯ ಆಗೋದು, ಇಲ್ಲಿ ಸದ್ಯ ಯಾರೋ ಬಂದ್ರಲ್ಲ ಅಂತ ಸಮಾಧಾನ ಆಗತ್ತೆ. ಚಿಕ್ಕ ಲೆವೆಲ್ ಮ್ಯಾಪಿಗೆ ದೊಡ್ಡವ್ರು ಹೋದ್ರೆ ಗೇಮೇ ಅವ್ರ ಲೆವೆಲ್ ಇಳಿಸತ್ತೆ, ಹಾಗಾಗಿ ಹಳಬ್ರು ಒಂದೇ ಏಟಿಗೆ ಎಲ್ಲಾ ಮುಗಿಸಿ ಹೊಸಬ್ರಿಗೆ ಏನೂ ಉಳಿಸ್ದೆ ಹೋಗೋದು ಕಮ್ಮಿ.

ಇಷ್ಟು ಹೊಗಳಿದ್ಮೇಲೆ ಕೊರತೆನೂ ಹೇಳ್ಲೇಬೇಕು, ಅದು ಚಿಕ್ಕ ಕೊರತೆ ಅಲ್ಲ. ತೆರೆದ ಮ್ಯಾಪಿಗೂ ರೈಡಿಗೂ ಮಧ್ಯೆ ದೊಡ್ಡ ಕಂದಕ ಇದೆ. ಹೊರಗಡೆ ನೀವು ಏನು ಹಾಕ್ಕೊಂಡು ಹೇಗೆ ಆಡಿದ್ರೂ ನಡೆಯತ್ತೆ, ಲೆವೆಲ್ 80 ಮುಟ್ಟಿ ಮೂರು ವರ್ಷ ಆದ್ರೂ ರೊಟೇಷನ್ (ಸ್ಕಿಲ್ ಒತ್ತೋ ಕ್ರಮ) ಅಂದ್ರೇನು, ಗುಂಪಿನ ವೇಗ ಹೆಚ್ಚಿಸೋ ಕ್ವಿಕ್‌ನೆಸ್, ಅಲಾಕ್ರಿಟಿ ಯಾಕೆ ಮುಖ್ಯ ಅಂತ ಗೇಮ್ ಸರಿಯಾಗಿ ಹೇಳ್ಕೊಡಲ್ಲ. ರೈಡ್ ಬಾಗಿಲಿಗೆ ಹೋದ್ರೆ ಅಲ್ಲಿ ಹತ್ತು ಜನರ ಗುಂಪಿನವ್ರು ಲೆಜೆಂಡರಿ ಇನ್‌ಸೈಟ್ ಎಷ್ಟಿದೆ ತೋರ್ಸಿ ಅಂತಾರೆ, ಅದೊಂಥರ ಅನುಭವದ ಟೋಕನ್, ಸಿಗೋದು ಹೆಚ್ಚಾಗಿ ರೈಡ್ ಬಾಸ್ ಕೊಂದ್ರೆ, ಮೊದಲನೇ ಬಾಸ್ ಕೊಲ್ಲೋಕೆ ಬಂದವ್ರು ಎಲ್ಲಿಂದ ತರ್ಬೇಕು. ನನ್ನನ್ನ ಒಂದು ಗುಂಪಿಂದ ಒಂದು ಮಾತೂ ಆಡ್ದೆ ತೆಗೆದ್ರು. ಹಳೇ ರಾತ್ರಿ ನೆನಪಾಗಿ ಎರಡು ವಾರ ಆ ಕಡೆ ಹೋಗ್ಲೇ ಇಲ್ಲ.

ಆಮೇಲೆ ತಮ್ಮನೇ ಎಳ್ಕೊಂಡು ಹೋಗಿದ್ದು, ಕಲಿಸೋ ಗುಂಪು ಅಂತಾನೇ ಇರತ್ತೆ ಅಕ್ಕಾ ಬಾ ಅಂತ. ಮೊದಲನೇ ರೈಡಿನ ಮೊದಲನೇ ಬಾಸ್ ವೇಲ್ ಗಾರ್ಡಿಯನ್. ಇದು 2015ರ ನವೆಂಬರಲ್ಲಿ ಬಂದಿದ್ದು, ಇವತ್ತಿಗೂ ಹೊಸಬ್ರಿಗೆ ಅಲ್ಲೇ ಪಾಠ ಶುರು. ನೆಲದ ಮೇಲೆ ಹಸಿರು ವೃತ್ತ ಬಂದಾಗ ನಾಲ್ಕು ಜನ ಅದ್ರೊಳಗೆ ನಿಲ್ಲಬೇಕು, ಒಬ್ರು ಕಮ್ಮಿ ಆದ್ರೂ ಇಡೀ ಗುಂಪಿನ ಜೀವ ಅರ್ಧಕ್ಕಿಂತ ಜಾಸ್ತಿ ಹೋಗತ್ತೆ, ನೀಲಿ ವೃತ್ತದ ಮೇಲೆ ನಿಂತ್ರೆ ಎಲ್ಲಿಗೋ ಎಸೆಯತ್ತೆ, ಬಾಸ್ ಮಧ್ಯದಲ್ಲಿ ಎರಡು ಸಲ ಕೆಂಪು, ಹಸಿರು, ನೀಲಿ ಅಂತ ಮೂರಾಗಿ ಒಡೆಯತ್ತೆ, ಎಂಟು ನಿಮಿಷ ದಾಟಿದ್ರೆ ರೊಚ್ಚಿಗೇಳತ್ತೆ. ನನ್ ಕೆಲಸ ಹಸಿರು ವೃತ್ತ. ಮೂರು ರಾತ್ರಿ ಸತ್ವಿ. ಹೇಳ್ಕೊಡ್ತಿದ್ದವ್ರು ನೂರಾರು ಸಲ ಇದನ್ನ ಕೊಂದವ್ರು, ಹೊಸದಾಗಿ ಸಿಗೋದು ಅವ್ರಿಗೆ ಏನೂ ಇಲ್ಲ, ಆದ್ರೂ ಪ್ರತಿ ಸಲ ಸತ್ತಾಗ್ಲೂ ಸರಿ ಈ ಸಲ ಯಾಕೆ ಸತ್ವಿ ಹೇಳಿ ನೋಡೋಣ ಅಂತ ನಮ್ಮ ಬಾಯಿಂದಾನೇ ಹೇಳಿಸ್ತಿದ್ರು. ನಾಲ್ಕನೇ ರಾತ್ರಿ ಕೊಂದ್ವಿ. ಆ ಎರಡು ಪರ್ಸೆಂಟಿನ ಮೌನ ಎಷ್ಟೋ ವರ್ಷದ ಮೇಲೆ ಮತ್ತೆ ಸಿಕ್ತು.

ಹಾಗಾಗಿ ಹಾರ್ಡ್‌ಕೋರ್ ಮಂದಿ ಎಲ್ಲಾ ಅಹಂಕಾರದವ್ರು ಅನ್ನೋ ಮಾತು ನಾನು ಒಪ್ಪಲ್ಲ. ಮಾತಾಡ್ದೆ ತೆಗೆದವ್ರೂ ಅವ್ರೇ, ನಾಲ್ಕು ರಾತ್ರಿ ಕೂತು ಕಲಿಸಿದವ್ರೂ ಅವ್ರೇ. ಆದ್ರೆ ಕಲಿಸೋ ಕೆಲಸ ಪೂರ್ತಿ ಇಂಥವ್ರ ಒಳ್ಳೇತನದ ಮೇಲೆ ನಿಂತಿರೋದು ಗೇಮಿನ ಸೋಲು ಅಂತ ನನ್ ಅನಿಸಿಕೆ. 2022ರಲ್ಲಿ ಎಂಬೋಲ್ಡನ್ಡ್ ಅಂತ ಒಂದು ಮೋಡ್ ತಂದ್ರು, ಸೋತಷ್ಟೂ ಗುಂಪಿಗೆ ಬಲ ಜಾಸ್ತಿ ಆಗತ್ತೆ, ಒಳ್ಳೇದೇ, ಆದ್ರೆ ಬಲ ಜಾಸ್ತಿ ಆದ್ರೆ ಬಾಸ್ ಸಾಯತ್ತೆ, ಹಸಿರು ವೃತ್ತದಲ್ಲಿ ಯಾಕೆ ನಿಲ್ಲಬೇಕು ಅನ್ನೋದು ತಲೆಗೆ ಹೋಗಲ್ಲ. ಈ ವಿಷ್ಯದಲ್ಲಿ ಫೈನಲ್ ಫ್ಯಾಂಟಸಿ 14 ಮುಂದಿದೆ. ಅಲ್ಲಿ ಡ್ಯೂಟಿ ರೌಲೆಟ್ ಅಂತ ಇದೆ, ಅನುಭವ ಇರೋರನ್ನ ಹಳೇ ಡಂಜನ್‌ಗೆ ಕಳಿಸತ್ತೆ, ಗುಂಪಲ್ಲಿ ಯಾರಿಗಾದ್ರೂ ಅದು ಮೊದಲನೇ ಸಲ ಆಗಿದ್ರೆ ಎಲ್ರಿಗೂ ಬೋನಸ್ ಸಿಗತ್ತೆ, ಹಾಗಾಗಿ ಹೊಸಬ್ರು ಬಂದ್ರೆ ಹಳಬ್ರಿಗೆ ಲಾಭಾನೇ. ಗಿಲ್ಡ್ ವಾರ್ಸ್ 2 ರೈಡಿಗೂ ಅಂಥದ್ದು ಒಂದು ಮೊದಲನೇ ದಿನದಿಂದ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಉಳಿದದ್ದು ಬೇಗ ಹೇಳ್ತೀನಿ. ಫೈಟಿಂಗ್ ಚುರುಕಾಗಿದೆ, ಡಾಡ್ಜ್ ಮಾಡೋದು ಕಲೀಲೇಬೇಕು. ಬ್ಯಾಗ್ ಜಾಗ ಬೇಗ ತುಂಬತ್ತೆ, ಏನು ಇಟ್ಕೊಬೇಕು ಏನು ಮಾರ್ಬೇಕು ಅಂತ ಹೊಸಬ್ರಿಗೆ ತಲೆ ಕೆಡತ್ತೆ. ಜೆಮ್ ಸ್ಟೋರಲ್ಲಿ (ನಿಜವಾದ ದುಡ್ಡಿಗೆ ಸಿಗೋ ಜೆಮ್ ಕೊಟ್ಟು ತಗೊಳೋ ಅಂಗಡಿ) ಬಟ್ಟೆ, ಮೌಂಟ್ ಬಣ್ಣ, ಬ್ಯಾಗ್ ಜಾಗ ಇಂಥದ್ದೆಲ್ಲ ಮಾರ್ತಾರೆ, ಗೇಮ್ ಗೋಲ್ಡ್ ಕೊಟ್ಟೂ ಜೆಮ್ ತಗೋಬಹುದು. ದಿನದ ಕೆಲಸ, ವಾರದ ಕೆಲಸ ಅಂತ ವಿಝರ್ಡ್ಸ್ ವಾಲ್ಟ್ 2023ರಲ್ಲಿ ಬಂತು, ನಂಗೆ ಅರ್ಧ ಗಂಟೆ ಸಿಕ್ಕಾಗ ದಿನದ್ದು ಮುಗಿಸ್ತೀನಿ, ಸಿಗ್ದಿದ್ರೆ ಬಿಡ್ತೀನಿ, ಬಿಟ್ರೆ ಹಿಂದೆ ಬೀಳಲ್ಲ.

ವಾರಕ್ಕೆ ಮೂರು ನಾಲ್ಕು ಗಂಟೆ ಸಿಗೋರು ಕಣ್ಣು ಮುಚ್ಕೊಂಡು ಶುರು ಮಾಡಿ. ದೊಡ್ಡ ದೊಡ್ಡ ನಂಬರ್ ಏರ್ತಾ ಹೋಗೋದು ನೋಡೋಕೇ ಎಮ್‌ಎಮ್‌ಓ ಆಡೋರಾದ್ರೆ ಇದು ನಿಮಗೆ ಸಪ್ಪೆ ಅನ್ಸತ್ತೆ, ಬೇರೆ ನೋಡೋದು ವಾಸಿ. ಬೇಸ್ ಗೇಮ್ 2015ರಿಂದ ಫ್ರೀ, ಲೆವೆಲ್ 80 ತನಕ ಹೋಗ್ಬಹುದು, ಚಾಟ್, ಟ್ರೇಡಿಂಗ್ ಥರದ ಕಡೆ ಸ್ವಲ್ಪ ಕಟ್ಟುಪಾಡು ಇದೆ, ರೈಡ್ ಬೇಕಂದ್ರೆ ಎಕ್ಸ್‌ಪ್ಯಾನ್ಷನ್ ತಗೋಬೇಕು. ಮೊದಲನೇ ಕ್ಯಾರೆಕ್ಟರ್‌ಗೆ ನೆಕ್ರೋಮ್ಯಾನ್ಸರ್ ಒಳ್ಳೇದು, ಶ್ರೌಡ್ ಅಂತ ಎರಡನೇ ಜೀವದ ಥರ ಒಂದು ಬಾರ್ ಇರತ್ತೆ, ಮಧ್ಯದಲ್ಲಿ ಮಗು ಎದ್ದು ಅತ್ರೂ ಎರಡು ಸೆಕೆಂಡ್ ಜಾಸ್ತಿ ಬದುಕ್ತೀರ. ದಾರೀಲಿ ಯಾರಾದ್ರೂ ಬಿದ್ದಿದ್ರೆ ನಿಂತು ಎಬ್ಬಿಸಿ ಹೋಗಿ, ಇಲ್ಲಿ ಎಲ್ರೂ ಹಾಗೇ ಮಾಡ್ತಾರೆ.