ಎಎಂಸಿಯೋ, ಗಂಟೆ ಲೆಕ್ಕವೋ? ಕಷ್ಟಕಾಲದಲ್ಲಿ ಕಂಪನಿಯನ್ನು ನಿಲ್ಲಿಸುವುದು ಯಾವುದು

ಏರ್ ಕಂಪ್ರೆಸರ್ ತಯಾರಿಸುವ ಕಂಪನಿಯ ಸರ್ವಿಸ್ ವಿಭಾಗದಲ್ಲಿ ನಾನು ಎರಡೂ ಪದ್ಧತಿ ನಡೆಸಿದ್ದೇನೆ. ಎಎಂಸಿಯಲ್ಲಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ, ಮೆಷಿನ್ ಗಿರಾಕಿಯದು, ವರ್ಷಕ್ಕೆ ಇಷ್ಟು ಅಂತ ಕೊಟ್ಟರೆ ನೋಡಿಕೊಳ್ಳುವ ಹೊಣೆ ನಮ್ಮದು. ಗಂಟೆ ಲೆಕ್ಕದಲ್ಲಿ ಮೆಷಿನ್ನೂ ನಮ್ಮದೇ. ಓಡಿದಷ್ಟು ಗಂಟೆಗೆ ಮಾತ್ರ ದುಡ್ಡು.

ಪೆಟ್ಟು ತಡೆಯುವುದರಲ್ಲಿ ಎಎಂಸಿ ಮುಂದೆ. ಮಾರುಕಟ್ಟೆ ಬಿದ್ದಾಗ ಹೊಸ ಮೆಷಿನ್ ಕೊಳ್ಳುವುದನ್ನು ಎಲ್ಲರೂ ಮುಂದೂಡುತ್ತಾರೆ. ಆದರೆ ಹಳೆಯದನ್ನು ಓಡಿಸಲೇಬೇಕಲ್ವಾ? ಆ ಎಎಂಸಿ ದುಡ್ಡಿನಲ್ಲೇ ಟೆಕ್ನೀಷಿಯನ್‌ಗಳ ಸಂಬಳ ನಡೆಯುತ್ತದೆ. ಕೊರತೆ ಒಂದೇ: ಎಷ್ಟೋ ಸಲ ಮೆಷಿನ್ ನಿಂತ ಮೇಲೆಯೇ ನಮಗೆ ಫೋನ್ ಬರುತ್ತದೆ.

ಗಂಟೆ ಲೆಕ್ಕಕ್ಕೆ ಬಂದ ಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಮೆಷಿನ್ ನಿಂತರೆ ನಷ್ಟ ನಮಗೇ. ಹಾಗಾಗಿ ಗಾಳಿಯಿಂದ ಎಣ್ಣೆ ಬೇರ್ಪಡಿಸುವ ಆಯಿಲ್ ಸೆಪರೇಟರ್‌ನ ಎರಡೂ ಕಡೆಯ ಒತ್ತಡವನ್ನು ಸೆನ್ಸರ್‌ನಲ್ಲಿ ನೋಡುತ್ತಾ ಕೂರುತ್ತೇವೆ. ಆ ವ್ಯತ್ಯಾಸ ಮೆಲ್ಲಗೆ ಏರುತ್ತಿದ್ದರೆ ಸೆಪರೇಟರ್ ಕಟ್ಟಿಕೊಳ್ಳುತ್ತಿದೆ ಅಂತ ಅರ್ಥ. ಕರೆಂಟ್ ಸುಮ್ನೆ ಜಾಸ್ತಿ ಎಳೆಯುತ್ತದೆ. ಮುಂಚೆಯೇ ಹೋಗಿ ಬದಲಿಸುತ್ತೇವೆ. ಡಿಸೈನ್‌ನವರೂ ಸೈಟಿಗೆ ಬರತೊಡಗಿದರು. ಒಂದು ಫಿಲ್ಟರ್ ತೆಗೆಯಲು ಎಷ್ಟು ಪೈಪ್ ಕಳಚಬೇಕು ಅನ್ನುವುದನ್ನು ಅವರು ಕಣ್ಣಾರೆ ನೋಡಿದ್ದೇ ದೊಡ್ಡ ಲಾಭ.

ಆದರೆ ಬಂಡವಾಳ ನಮ್ಮ ಮೆಷಿನ್‌ಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಗಿರಾಕಿಯ ಕಾರ್ಖಾನೆ ಒಂದು ಶಿಫ್ಟ್ ಕಡಿಮೆ ಮಾಡಿದರೆ ನಮ್ಮ ಆದಾಯವೂ ಅಷ್ಟೇ ಇಳಿಯುತ್ತದೆ. ವಿಮಾನದ ಎಂಜಿನ್‌ಗೆ ಹಾರಿದ ಗಂಟೆಯ ಲೆಕ್ಕದಲ್ಲಿ ದುಡ್ಡು ಪಡೆಯುವ ಪದ್ಧತಿ 1962ರಲ್ಲೇ ಬ್ರಿಸ್ಟಲ್ ಸಿಡ್ಲಿ ಕಂಪನಿಯಿಂದ ಶುರುವಾಯಿತು. ಮುಂದೆ ಅದನ್ನು ದೊಡ್ಡದಾಗಿ ಬೆಳೆಸಿದ್ದು ರೋಲ್ಸ್ ರಾಯ್ಸ್. 2020ರಲ್ಲಿ ಕೊರೊನಾದಿಂದ ವಿಮಾನಗಳ ಹಾರಾಟ ನಿಂತಾಗ ಅದರ ಆ ಆದಾಯ ಕುಸಿಯಿತು. ಕನಿಷ್ಠ 9,000 ಹುದ್ದೆ ಕಡಿತ ಮಾಡುವುದಾಗಿ ಕಂಪನಿ ಹೇಳಬೇಕಾಯಿತು. ಈ ಪದ್ಧತಿಗೆ ಕೈ ಹಾಕುವವರು ಆ ವರ್ಷವನ್ನು ಓದಿಕೊಳ್ಳಲೇಬೇಕು.

ಸರ್ವಿಸನ್ನು ಪೂರ್ತಿ ಡೀಲರ್‌ಗಳಿಗೆ ಬಿಟ್ಟೂ ನೋಡಿದೆವು. ಖರ್ಚು ಕಡಿಮೆ. ಆದರೆ ಮೆಷಿನ್ ಯಾಕೆ ಕೆಟ್ಟಿತು ಅನ್ನುವ ಸುದ್ದಿಯೇ ನಮಗೆ ತಲುಪುವುದಿಲ್ಲ. ನನಗೆ ಅದು ಬೇಡವೇ ಬೇಡ.

ನನ್ನ ಆಯ್ಕೆ ಎಎಂಸಿ ಬುನಾದಿ, ಅದರ ಮೇಲೆ ಸ್ವಲ್ಪ ಗಂಟೆ ಲೆಕ್ಕ. ಗಂಟೆ ಲೆಕ್ಕದ ಒಪ್ಪಂದದಲ್ಲಿ ತಿಂಗಳಿಗೆ ಕನಿಷ್ಠ ಇಷ್ಟು ಗಂಟೆ ಅಂತ ಬರೆಸಿಕೊಳ್ಳಿ, ಮೆಷಿನ್ ಓಡದಿದ್ದರೂ ಅಷ್ಟು ದುಡ್ಡು ಬರಬೇಕು. ಗಿರಾಕಿಗಳೆಲ್ಲ ಒಂದೇ ಉದ್ಯಮದವರಾದರೆ ಎಲ್ಲರೂ ಒಟ್ಟಿಗೇ ಶಿಫ್ಟ್ ಇಳಿಸುತ್ತಾರೆ. ಔಷಧಿ, ಬಟ್ಟೆ, ವಾಹನದ ಬಿಡಿಭಾಗ ಹೀಗೆ ಬೇರೆ ಬೇರೆ ಕಡೆಯವರನ್ನು ಹಿಡಿಯಿರಿ.