ಮಳೆಗಾಲದಲ್ಲೂ ಕಾಲ್ ಕಟ್ ಆಗದ ಸೀಟು: ಶಿವಮೊಗ್ಗದ ಒಂದು ಕೋವರ್ಕಿಂಗ್ ಜಾಗ ಹೇಗಿದೆ?

ವಿನೋಬನಗರದ ಕಡೆಯ ಈ ಕೋವರ್ಕಿಂಗ್ ಜಾಗ, ಅಂದರೆ ಬೇರೆ ಬೇರೆ ಕೆಲಸದವರು ಸೀಟು ಬಾಡಿಗೆಗೆ ಹಿಡಿದು ಕೂರುವ ಆಫೀಸು, ಎರಡನೇ ಮಹಡಿಯಲ್ಲಿದೆ, ಒಟ್ಟು 24 ಸೀಟು. ದಿನದ ಪಾಸ್‌ಗೆ 350 ರೂಪಾಯಿ, ತಿಂಗಳ ಸೀಟಿಗೆ 5,500, ನಾಲ್ಕು ಜನ ಕೂರುವ ಕ್ಯಾಬಿನ್‌ಗೆ 24,000. ಇದರ ಮೇಲೆ 18% ಜಿಎಸ್‌ಟಿ ಸೇರಿ ತಿಂಗಳ ಸೀಟಿಗೆ ಕಟ್ಟಬೇಕಾದ್ದು 6,490. ಜಿಎಸ್‌ಟಿ ನಂಬರ್ ಇರುವವರು ಬಿಲ್ಲಿನಲ್ಲಿ ಅದನ್ನು ಹಾಕಿಸಿಕೊಂಡರೆ ಆ 990 ರೂಪಾಯಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ತಾವು ಕಟ್ಟುವ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದು. ಬೆಂಗಳೂರಿನ ಕಂಪನಿಗೆ ಊರಿನಿಂದಲೇ ಕೆಲಸ ಮಾಡುವವರು ಜೂನ್‌ನಿಂದ ಆಗಸ್ಟ್‌ವರೆಗಾದರೂ ಈ ಸೀಟು ತೆಗೆದುಕೊಳ್ಳಬಹುದು, ಧೈರ್ಯವಾಗಿ ಹೇಳುತ್ತೇವೆ. ಇಡೀ ದಿನ ಫೋನಿನಲ್ಲೇ ಮಾತಾಡುವ ಕೆಲಸದವರು ಮಾತ್ರ ಕೆಳಗೆ ಫೋನ್ ಬೂತ್ ಬಗ್ಗೆ ಬರೆದದ್ದನ್ನು ಓದಿ, ಆಮೇಲೆ ದುಡ್ಡು ಕಟ್ಟಿ.

ಕೋವರ್ಕಿಂಗ್ ಪದ್ಧತಿಯನ್ನು 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು ಮಾಡಿದವರು ಬ್ರ್ಯಾಡ್ ನ್ಯೂಬರ್ಗ್. ನಮ್ಮ ದೇಶದಲ್ಲಿ ಇದು ಮೊದಲು ಬೆಳೆದದ್ದು ಬೆಂಗಳೂರು, ಮುಂಬೈಯಂಥ ಊರುಗಳಲ್ಲಿ. ಮಲೆನಾಡಿಗೆ ಇದರ ಅಗತ್ಯ ಗೊತ್ತಾದದ್ದು 2020ರ ಲಾಕ್‌ಡೌನ್‌ನಲ್ಲಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಿಗೆ ಲ್ಯಾಪ್‌ಟಾಪ್ ಸಮೇತ ಬಂದವರು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾಯಿತು. ಮನೆಗೆ ಫೈಬರ್ ಬಂದ ಕಡೆಯೂ ಗಾಳಿ ಮಳೆಗೆ ಕೊಂಬೆ ಮುರಿದು ಬಿದ್ದರೆ ಕರೆಂಟು, ಇಂಟರ್ನೆಟ್ ಎರಡೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಇಲ್ಲಿನ ಕೋವರ್ಕಿಂಗ್ ಜಾಗವನ್ನು ಅಳೆಯಬೇಕಾದ್ದು ಪುನರ್ವಸು ಮಳೆ ಹಿಡಿದು ಸುರಿಯುವಾಗ.

ಮೊದಲು ಕರೆಂಟು. ಇಲ್ಲಿ 5 ಕೆವಿಎ ಇನ್ವರ್ಟರ್‌ಗೆ 12 ವೋಲ್ಟಿನ 150 ಎಎಚ್ ಬ್ಯಾಟರಿ ನಾಲ್ಕಿವೆ. ಲೆಕ್ಕಕ್ಕೆ 7,200 ವ್ಯಾಟ್ ಅವರ್ ಆದರೂ ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುವಂತಿಲ್ಲ, ಇನ್ವರ್ಟರ್‌ನಲ್ಲೂ ಒಂದಷ್ಟು ಸೋರಿಹೋಗುತ್ತದೆ. ಕೈಗೆ ಸಿಗುವುದು ಸುಮಾರು 4,300. ಸೀಟೆಲ್ಲ ತುಂಬಿ, ಲ್ಯಾಪ್‌ಟಾಪಿಗೆ 50 ವ್ಯಾಟ್‌ನಂತೆ ಹಿಡಿದು, ಫ್ಯಾನು, ಲೈಟು, ರೂಟರ್ ಸೇರಿಸಿದರೆ 1,900 ವ್ಯಾಟ್ ಲೋಡ್. ಅಂದರೆ ಎರಡು ಗಂಟೆ ಚಿಲ್ಲರೆ. ಮಧ್ಯಾಹ್ನ ಬಂದು ಹೋಗುವ ಕರೆಂಟಿಗೆ ಇದು ಸಾಕು. ಮೆಸ್ಕಾಂ ಪೇಪರ್‌ನಲ್ಲಿ ಪ್ರಕಟಣೆ ಕೊಟ್ಟು ಬೆಳಗ್ಗೆಯಿಂದ ಸಂಜೆವರೆಗೆ ಲೈನ್ ಕೆಲಸಕ್ಕೆ ತೆಗೆಯುವ ದಿನಕ್ಕೆ ಸಾಲದು. ಆ ದಿನಕ್ಕೆಂದೇ ಕೆಳಗೆ 7.5 ಕೆವಿಎ ಡೀಸೆಲ್ ಜನರೇಟರ್ ಇಟ್ಟಿದ್ದಾರೆ. ಅದನ್ನು ಕೈಯಿಂದಲೇ ಸ್ಟಾರ್ಟ್ ಮಾಡಬೇಕು, ಆದರೆ ನಡುವೆ ಇನ್ವರ್ಟರ್ ಇರುವುದರಿಂದ ಒಂದು ಕ್ಷಣವೂ ಲೈಟ್ ಮಿಣುಕುವುದಿಲ್ಲ. ಎಸಿ ಮಾತ್ರ ಜನರೇಟರ್ ಮೇಲೆ ಓಡುವುದಿಲ್ಲ, ಮಳೆಗಾಲದಲ್ಲಿ ಅದು ಬೇಕಾಗುವುದೂ ಇಲ್ಲ. ಡೆಸ್ಕ್‌ಟಾಪ್ ತರುವವರು ಒಂದು ಮಾತು ಕೇಳಿಕೊಳ್ಳಿ: ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿದೆಯೇ? ನಾರ್ಮಲ್ ಮೋಡ್‌ನಲ್ಲಿ ಕರೆಂಟಿನಿಂದ ಬ್ಯಾಟರಿಗೆ ಚೇಂಜ್‌ಓವರ್ ನಿಧಾನವಾಗಿ ಸಿಸ್ಟಮ್ ರೀಸ್ಟಾರ್ಟ್ ಆಗುತ್ತದೆ. ಇಲ್ಲಿ ಯುಪಿಎಸ್ ಮೋಡ್‌ನಲ್ಲೇ ಇದೆ.

ಇಂಟರ್ನೆಟ್ ವಿಷಯದಲ್ಲಿ ಇವರು ತಲೆ ಓಡಿಸಿದ್ದಾರೆ. ಎರಡು ಕಂಪನಿಯ ಫೈಬರ್ ಇದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎರಡೂ ಕೇಬಲ್ ಒಂದೇ ಕಂಬದ ಮೇಲೆ ಬಂದಿದ್ದರೆ ಒಂದು ಕೊಂಬೆ ಸಾಕು, ಎರಡೂ ಹೋದಂತೆ. ಇಲ್ಲಿ ಒಂದು ಕೇಬಲ್ ಮುಂದಿನ ರಸ್ತೆಯ ಕಂಬದಿಂದ, ಇನ್ನೊಂದು ಹಿಂದಿನ ಓಣಿಯಿಂದ ಬರುತ್ತದೆ. ಬಾಲ್ಕನಿಯಲ್ಲಿ ನಿಂತು ಕಣ್ಣಾರೆ ನೋಡಬಹುದು. ಎರಡು ಲೈನ್ ಜೋಡಿಸಬಹುದಾದ ಡ್ಯುಯಲ್ ವ್ಯಾನ್ ರೂಟರ್ ಎರಡನ್ನೂ ಹಿಡಿದಿಡುತ್ತದೆ, ಒಂದು ಹೋದರೆ ಇನ್ನೊಂದಕ್ಕೆ ಹೊರಳುತ್ತದೆ. ಟ್ರಯಲ್ ದಿನ ಹೀಗೆ ಪರೀಕ್ಷಿಸಿ: ವಿಡಿಯೋ ಕಾಲ್ ಶುರು ಮಾಡಿ, ಮೊದಲ ಫೈಬರ್‌ನ ಬಾಕ್ಸನ್ನು ಆಫ್ ಮಾಡಲು ಸಿಬ್ಬಂದಿಗೆ ಹೇಳಿ, ಸೆಕೆಂಡು ಎಣಿಸಿ. ಇಲ್ಲಿ ಚಿತ್ರ 20 ಸೆಕೆಂಡು ನಿಂತು ತಾನಾಗಿ ಮತ್ತೆ ಬಂತು. ಕಂಪನಿಯ ಒಳ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಮಾತ್ರ ಬಿದ್ದುಹೋಯಿತು, ಯಾಕೆಂದರೆ ಲೈನ್ ಬದಲಾದರೆ ಹೊರಗೆ ಕಾಣುವ ಐಪಿ ವಿಳಾಸವೂ ಬದಲಾಗುತ್ತದೆ. ಕಂಪನಿ ಇಂಥದ್ದೇ ಐಪಿಯಿಂದ ಬರಬೇಕು ಎನ್ನುವುದಾದರೆ ಎರಡೂ ಲೈನಿಗೆ ಸ್ಟ್ಯಾಟಿಕ್ (ಬದಲಾಗದ) ಐಪಿ ಇದೆಯೇ ಎಂದು ಕೇಳಿ; ಇಲ್ಲಿ ಒಂದಕ್ಕೆ ಮಾತ್ರ ಇದೆ.

ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ ನೋಡಿ ಖುಷಿಪಡುವುದಕ್ಕಿಂತ ಅಪ್‌ಲೋಡ್ ನೋಡಿ. ಒಬ್ಬರ ಒಳ್ಳೆಯ ವಿಡಿಯೋ ಕಾಲ್‌ಗೆ 3ರಿಂದ 4 ಎಂಬಿಪಿಎಸ್ ಅಪ್‌ಲೋಡ್ ಬೇಕು. ಏಕಕಾಲಕ್ಕೆ ಹತ್ತು ಜನ ಮೀಟಿಂಗ್‌ನಲ್ಲಿದ್ದರೆ 40 ಆಯಿತು. ಹಾಲ್‌ನಲ್ಲಿ ವೈಫೈ ಗಟ್ಟಿಯಾಗಿದೆ. ಹಿಂದಿನ ಕೋಣೆಯ ಮೂಲೆಯ ಎರಡು ಸೀಟಿನಲ್ಲಿ ಸಿಗ್ನಲ್ ಮೈನಸ್ 74 ಡಿಬಿಎಂಗೆ ಇಳಿಯುತ್ತದೆ. ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ; ಕಾಲ್‌ಗೆ ಮೈನಸ್ 67 ಅಥವಾ ಅದಕ್ಕಿಂತ ಮೇಲಿರಬೇಕು. ಆ ಸೀಟು ಸಿಕ್ಕಿದರೆ ಗೋಡೆಯ ಲ್ಯಾನ್ ಪಾಯಿಂಟ್ ಬಳಸಿ. ಕೇಬಲ್ ನೀವೇ ತರಬೇಕು.

ಇನ್ನು ಫೋನ್ ಬೂತ್. ಎರಡಿವೆ, ಒಳಗೆ ಮೂರಡಿಗೆ ಮೂರಡಿ. ನಾಲ್ಕೂ ಗೋಡೆಗೆ ಒಂದಿಂಚಿನ ಮೊನೆಮೊನೆ ಫೋಮ್ ಅಂಟಿಸಿದ್ದಾರೆ. ಈ ಫೋಮ್ ಒಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆ, ಮಾತು ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ತಡೆಯಬೇಕಾದರೆ ಭಾರವಾದ ಬಾಗಿಲು ಬೇಕು, ಸಂದು ಇರಬಾರದು. ಇಲ್ಲಿ ಬಾಗಿಲು ಪೊಳ್ಳು ಫ್ಲಶ್ ಡೋರ್, ಕೆಳಗೆ ಒಂದು ಬೆರಳು ಹೋಗುವಷ್ಟು ಸಂದು. ಒಳಗಿನವರು ಸಂಬಳದ ವಿಷಯ ಮಾತಾಡಿದರೆ ಪಕ್ಕದ ಮೇಜಿಗೆ ಅಂಕಿ ಸಮೇತ ಕೇಳುತ್ತದೆ. ಆ ಸಂದು ಮುಚ್ಚಿದರೆ ಗಾಳಿಯೂ ನಿಲ್ಲುತ್ತದೆ, ಯಾಕೆಂದರೆ ಎಕ್ಸಾಸ್ಟ್ ಫ್ಯಾನ್ ಇಲ್ಲ. ಈಗಲೇ ಹದಿನೈದು ನಿಮಿಷ ಕೂತರೆ ಬೆವರು ಇಳಿಯುತ್ತದೆ. ಬಾಗಿಲಿನ ಅಡಿಗೆ ರಬ್ಬರ್ ಸೀಲ್, ಮೇಲೆ ನಾಲ್ಕಿಂಚಿನ ಫ್ಯಾನ್: ಇಷ್ಟು ಮಾಡಿದರೆ ಬೂತ್ ಬಳಸುವಂತಾಗುತ್ತದೆ. ಅಲ್ಲಿಯವರೆಗೆ ಗುಟ್ಟಿನ ಮಾತಿಗೆ ಮೀಟಿಂಗ್ ರೂಮ್ ಹಿಡಿಯಿರಿ. ತಿಂಗಳ ಸೀಟಿಗೆ ನಾಲ್ಕು ಗಂಟೆ ಉಚಿತ, ಮೇಲಿನದಕ್ಕೆ ಗಂಟೆಗೆ 250.

ಶೀತದ ವಿಷಯಕ್ಕೆ ಬಂದರೆ, ಕುರ್ಚಿಗಳು ಮೆಶ್‌ನವು, ಒಳ್ಳೆಯದಾಯಿತು. ರೆಕ್ಸಿನ್ ಕುರ್ಚಿಗೆ ನಮ್ಮ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದೆ ಇರುವುದಿಲ್ಲ. ಕೊಡೆ, ರೇನ್‌ಕೋಟಿಗೆ ಮೆಟ್ಟಿಲ ಬಳಿಯೇ ಸ್ಟ್ಯಾಂಡ್ ಇದೆ, ಅಡಿಗೆ ನೀರು ಇಳಿಯುವ ಟ್ರೇ ಕೂಡ. ಲಾಕರ್ ಪ್ಲೈವುಡ್‌ನದು, ಹೊರಗೋಡೆಗೆ ತಾಗಿಕೊಂಡೇ ಇಟ್ಟಿದ್ದಾರೆ. ಶನಿವಾರ ಭಾನುವಾರ ಅದರಲ್ಲಿ ಲ್ಯಾಪ್‌ಟಾಪ್ ಬಿಡಬೇಡಿ, ಬಿಡಲೇಬೇಕಾದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಪ್ರಿಂಟರ್ ಪದೇಪದೇ ಜಾಮ್ ಆಗುವುದಕ್ಕೂ ಕಾರಣ ಮೆಷಿನ್ ಅಲ್ಲ. ಬಂಡಲ್ ಒಡೆದು ಟ್ರೇಯಲ್ಲಿ ಬಿಟ್ಟ ಎ4 ಹಾಳೆ ಒಂದೇ ದಿನದಲ್ಲಿ ತೇವ ಹೀರಿ ಸುರುಟಿಕೊಳ್ಳುತ್ತದೆ. ಸಿಬ್ಬಂದಿ ಐವತ್ತೈವತ್ತು ಹಾಳೆ ಮಾತ್ರ ಹಾಕಿ, ಉಳಿದದ್ದನ್ನು ಕವರ್‌ನಲ್ಲಿ ಕಟ್ಟಿಟ್ಟರೆ ಸರಿಹೋಗುತ್ತದೆ. ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಕೆಲವರು ಹೇಳುತ್ತಿದ್ದರು. ಪಾಯಿಂಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 1.5 ವೋಲ್ಟ್ ಇದೆ, ಅರ್ಥಿಂಗ್ ಚೆನ್ನಾಗಿದೆ. ಜುಮ್ಮೆನ್ನುವುದು ಎರಡು ಪಿನ್ನಿನ ಚಾರ್ಜರ್‌ನಿಂದ, ಮೂರು ಪಿನ್ನಿನ ವೈರ್ ಹಾಕಿದರೆ ನಿಲ್ಲುತ್ತದೆ.

ಫಿಲ್ಟರ್ ಕಾಫಿ ಚೆನ್ನಾಗಿದೆ, ಟಾಯ್ಲೆಟ್ ಶುಚಿಯಾಗಿದೆ. ಕಾರ್ ಪಾರ್ಕಿಂಗ್ ಇಲ್ಲ, ಬೈಕ್‌ಗೆ ಜಾಗ ಇದೆ. ಬೆಳಗ್ಗೆ 8ರಿಂದ ರಾತ್ರಿ 9ರವರೆಗೆ ಮಾತ್ರ ತೆರೆದಿರುತ್ತದೆ. ಅಮೆರಿಕದ ಶಿಫ್ಟ್‌ನವರಿಗೆ ಇದು ಆಗಿಬರುವುದಿಲ್ಲ. ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ ಬಸ್ಸಿನಲ್ಲಿ ಬರುವವರು ವಾರಕ್ಕೆ ಮೂರು ದಿನವೋ ಅದಕ್ಕಿಂತ ಕಡಿಮೆಯೋ ಬರುವುದಾದರೆ ದಿನದ ಪಾಸೇ ಅಗ್ಗ: ಹದಿನೈದು ದಿನಕ್ಕೆ 5,250, ಹದಿನಾರನೇ ದಿನದಿಂದ ತಿಂಗಳ ಸೀಟು ಲಾಭ.

ಕರಾರು ಪತ್ರ 11 ತಿಂಗಳದ್ದು, ಅಡ್ವಾನ್ಸ್ ಎರಡು ತಿಂಗಳದ್ದು, ಬಿಡುವುದಾದರೆ 30 ದಿನ ಮೊದಲು ಹೇಳಬೇಕು. ಈ ವಿಳಾಸದಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸುವವರು ಒಂದು ಕಡೆ ಎಚ್ಚರವಾಗಿರಬೇಕು. ಜಾಗ ನಡೆಸುವವರು ತಾವೇ ಬಾಡಿಗೆಗೆ ಇರುವವರು. ಅವರು ಕೊಡುವ ಕರಾರು ಮತ್ತು ಕರೆಂಟ್ ಬಿಲ್ ಜೊತೆಗೆ ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರವನ್ನೋ, ಬೇರೆಯವರಿಗೆ ಕೊಡಬಹುದು ಎನ್ನುವ ಮಾಲೀಕರ ಮೂಲ ಕರಾರಿನ ಪ್ರತಿಯನ್ನೋ ಕೇಳಬಹುದು. ಕರೆಂಟ್ ಬಿಲ್ಲಿನ ಹೆಸರಿಗೂ ಒಪ್ಪಿಗೆ ಪತ್ರದ ಹೆಸರಿಗೂ ತಾಳೆಯಾಗದಿದ್ದರೆ ಸ್ಪಷ್ಟನೆ ಕೇಳುವ ಆರ್‌ಇಜಿ-03 ನೋಟಿಸ್ ಬರಬಹುದು, ಅದಕ್ಕೆ ಏಳು ಕೆಲಸದ ದಿನದೊಳಗೆ ಉತ್ತರ ಕೊಡಬೇಕು. ಅಧಿಕಾರಿ ಜಾಗ ನೋಡಲು ಬಂದರೆ ಕಾಣುವಂತೆ ನಿಮ್ಮ ಹೆಸರಿನ ಬೋರ್ಡ್ ಇರಲಿ. ಅದಕ್ಕೆ ಇಲ್ಲಿ ಬಾಗಿಲ ಬಳಿ ಜಾಗ ಕೊಡುತ್ತಾರೆ. ಮಾಲೀಕರ ಪತ್ರವನ್ನು ಅಡ್ವಾನ್ಸ್ ಕಟ್ಟುವ ಮೊದಲೇ ಕೈಗೆ ತೆಗೆದುಕೊಳ್ಳಿ.