ಚಳ್ಳಕೆರೆಯ ಮಳೆ ಲೆಕ್ಕಕ್ಕೆ ಸಿಡಿಒ: ಮೂರು ವರ್ಷ ಬಳಸಿದ ಮೇಲೆ

ನಮ್ಮದು ಚಳ್ಳಕೆರೆ ಕಡೆ, ಶೇಂಗಾ ಬೆಳೆಯುವ ಮನೆ. ಜೂನ್‌ನಲ್ಲಿ ಎಷ್ಟು ಮಿಲಿಮೀಟರ್ ಅಂತ ಅಪ್ಪ ಯಾವತ್ತೂ ಕೇಳುವುದಿಲ್ಲ. 'ಆರಿದ್ರೆ ಎಷ್ಟು ಬಂತು, ಹೋದ ವರ್ಷಕ್ಕಿಂತ ಜಾಸ್ತಿನಾ?' ಅನ್ನುತ್ತಾರೆ. ಅದಕ್ಕೆ ಸರಿಯಾದ ಉತ್ತರ ಕೊಡಬೇಕು ಅಂತಲೇ ಸಿಡಿಒ ಹಿಡಿದೆ. ಈಗ ಮೂರು ವರ್ಷ ಆಯಿತು.

ಸಿಡಿಒ ಅಂದರೆ ಕ್ಲೈಮೇಟ್ ಡೇಟಾ ಆಪರೇಟರ್ಸ್, ಹವಾಮಾನದ ಫೈಲ್‌ಗಳನ್ನು ಕತ್ತರಿಸಿ, ಕೂಡಿಸಿ, ಬದಲಾಯಿಸುವ ಸಾಫ್ಟ್‌ವೇರ್. ಜರ್ಮನಿಯ ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಹವಾಮಾನ ಸಂಸ್ಥೆಯಲ್ಲಿ ಹುಟ್ಟಿದ್ದು, ಉಚಿತ. ಎಲ್ಲವೂ ಕಮಾಂಡ್ ಲೈನ್‌ನಲ್ಲೇ, ಅಂದರೆ ಆದೇಶ ಟೈಪ್ ಮಾಡಿಯೇ. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನಲ್ಲಿ ಉಬುಂಟು ಹಾಕಿಕೊಳ್ಳಿ, ಒಂದೇ ಸಾಲಲ್ಲಿ ಇನ್‌ಸ್ಟಾಲ್ ಆಗುತ್ತದೆ.

ಭಾರತೀಯ ಹವಾಮಾನ ಇಲಾಖೆ 1901ರಿಂದಲೂ ದಿನದಿನದ ಮಳೆಯನ್ನು ಕಾಲು ಡಿಗ್ರಿ ಚೌಕಗಳಲ್ಲಿ ಕೊಡುತ್ತದೆ, ವರ್ಷಕ್ಕೊಂದು ಫೈಲ್. ನೆಟ್‌ಸಿಡಿಎಫ್ (ಅಂಕಿಯ ಜೊತೆ ಜಾಗ, ಸಮಯವನ್ನೂ ಇಟ್ಟುಕೊಂಡ ಫೈಲ್) ಆದರೆ ಸಲೀಸು. ಬೈನರಿ ಆದರೆ ಬರೀ ಅಂಕಿಗಳ ರಾಶಿ, ಯಾವ ಅಂಕಿ ಎಲ್ಲಿಯದು ಅನ್ನುವುದೇ ಅದರಲ್ಲಿ ಇರುವುದಿಲ್ಲ. ಸಣ್ಣ ಕಂಟ್ರೋಲ್ ಫೈಲ್ ಬರೆದು ನಾವೇ ಹೇಳಬೇಕು: ಅಡ್ಡಕ್ಕೆ 135 ಬಿಂದು, ಉದ್ದಕ್ಕೆ 129, ಶುರು 66.5 ಪೂರ್ವ ಮತ್ತು 6.5 ಉತ್ತರದಿಂದ, ಮಾಹಿತಿ ಇಲ್ಲದ ಕಡೆ -999. ಆಮೇಲೆ 'ಇಂಪೋರ್ಟ್ ಬೈನರಿ' ಕೊಟ್ಟರೆ ನೆಟ್‌ಸಿಡಿಎಫ್ ಸಿದ್ಧ. ಅದರಲ್ಲಿ ನಮ್ಮ ಜಿಲ್ಲೆಯ ಚೌಕವನ್ನು ಕತ್ತರಿಸಿ, ಜೂನ್ 22ರಿಂದ ಜುಲೈ 5ರ ತನಕದ ದಿನಗಳನ್ನು ಆರಿಸಿ ಕೂಡಿಸಿದರೆ ಆರಿದ್ರೆ ಮಳೆ ಬಂತು! ಇಷ್ಟೂ ಒಂದೇ ಸಾಲಿನ ಕಮಾಂಡ್. ಬಲಗಡೆಯದು ಮೊದಲು ನಡೆಯುತ್ತದೆ, ಅದು ಅಭ್ಯಾಸ ಆಗಲು ನನಗೆ ವಾರ ಹಿಡಿಯಿತು. ಕೊನೆಗೆ 'ಔಟ್‌ಪುಟ್‌ಟ್ಯಾಬ್' ಕೊಟ್ಟರೆ ದಿನಾಂಕ, ಜಾಗ, ಮಳೆ ಸಾಲಾಗಿ ಬರುತ್ತವೆ. ಎಕ್ಸೆಲ್‌ನಲ್ಲಿ ತೆರೆಯಬಹುದು.

ಒಂದು ಸಲ ಯೂರೋಪಿನ ಎರಾ-5 (ಹವಾಮಾನ ಮಾದರಿಯಿಂದ ಗಂಟೆ ಗಂಟೆಗೆ ಲೆಕ್ಕ ಹಾಕಿದ ಡೇಟಾ) ಮಳೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಅದು ಗ್ರಿಬ್ ಅನ್ನುವ ಇನ್ನೊಂದು ಬಗೆಯ ಹವಾಮಾನ ಫೈಲ್, ನೆಟ್‌ಸಿಡಿಎಫ್‌ಗೆ ಬದಲಾಗಲು ಕ್ಷಣವೂ ಬೇಡ. ಆದರೆ ಅಂಕಿಗಳು ತಾಳೆಯಾಗಲಿಲ್ಲ. ಎರಾ-5ರ ಮಳೆ ಮೀಟರ್‌ನಲ್ಲಿರುತ್ತದೆ, ಸಾವಿರದಿಂದ ಗುಣಿಸಿದೆ. ಆದರೂ ಮಳೆ ಒಂದು ದಿನ ಮೊದಲೇ ಬಿದ್ದ ಹಾಗೆ ಕಾಣುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ನಮ್ಮ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಎರಾ-5ರ ಗಡಿಯಾರ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ), ಅಲ್ಲಿ ಆಗ 3 ಗಂಟೆ. ನಮ್ಮ ಕಡೆ ಮುಂಗಾರಿಗೆ ಮುಂಚಿನ ಗುಡುಗು ಮಳೆ ಸಾಮಾನ್ಯವಾಗಿ ಸಂಜೆಗೇ ಅಲ್ವಾ? ಸೋಮವಾರ ಸಂಜೆ ಸುರಿದದ್ದು ಇಲಾಖೆಯ ಲೆಕ್ಕದಲ್ಲಿ ಮಂಗಳವಾರದ ಮಳೆ. 'ಶಿಫ್ಟ್‌ಟೈಮ್' ಕೊಟ್ಟು ಗಂಟೆಗಳನ್ನು 20 ಗಂಟೆ ಮುಂದಕ್ಕೆ ಸರಿಸಿ, ಆಮೇಲೆ ದಿನಕ್ಕೆ ಕೂಡಿಸಿದೆ. ಆಗ ದಿನಕ್ಕೆ ದಿನ ಕೂತಿತು.

ಆವತ್ತಿನಿಂದ ಯಾವ ಫೈಲ್ ಬಂದರೂ ಮೊದಲು 'ಎಸ್‌ಇನ್ಫೋ' ಓಡಿಸಿ ಸಮಯ, ಚೌಕ ನೋಡುತ್ತೇನೆ. ಸುಮ್ನೆ ಪರಿವರ್ತಿಸಲು ಹೋಗುವುದಿಲ್ಲ.

ಒಂದು ಚೌಕ ಸುಮಾರು 27 ಕಿಲೋಮೀಟರ್. ನಮ್ಮ ಹೊಲಕ್ಕೆ ಬಂದು ಪಕ್ಕದೂರಿಗೆ ಬಾರದ ಮಳೆ ಇದರಲ್ಲಿ ಸಿಗುವುದಿಲ್ಲ. ಅದು ಡೇಟಾದ ಮಿತಿ, ಸಿಡಿಒದ್ದಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಜಿಯೋಟಿಫ್ (ನಕ್ಷೆಯ ಮೇಲೆ ಕೂರುವ ಚಿತ್ರದ ಫೈಲ್) ಓದುವುದಿಲ್ಲ ಅನ್ನುವುದಕ್ಕೆ. ಉಪಗ್ರಹ ಚಿತ್ರ ಬಂದರೆ ಜಿಡಾಲ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬೇಕೇ ಬೇಕು.